ಮರಳಿಗೆ ಇಳಿಯುವ ಮುಂಚೆ ಗಾಳಿ ಬಿಡು

ಮಂಡ್ಯ
ಭಾನುವಾರ ಸಂಜೆ

ಚಿ. ಸಹನಾಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಕಬ್ಬು ಕಡಿಯಲು ಆಳು ಸಿಗದೆ ನಿಮ್ಮಪ್ಪ ಒಂದು ವಾರದಿಂದ ಓಡಾಡುತ್ತಿದ್ದಾನೆ. ಅವನೇ ಹೇಳಿದ, ನೀನು ಗೆಳತಿಯರ ಜೊತೆ ಥಾರ್ ಜೀಪು ತಗೊಂಡು ಜೈಸಲ್ಮೇರ್‌ಗೆ ಹೊರಟಿದ್ದೀಯ, ಸಮ್ ಹತ್ತಿರದ ಮರಳುಗುಡ್ಡದಲ್ಲಿ ನೀನೇ ಗಾಡಿ ಓಡಿಸುತ್ತೀಯ ಅಂತ. ಅವನಿಗೆ ಭಯ. ನನಗೆ ಖುಷಿಯೇ ಆಯಿತು ಕಣಮ್ಮ. ಆದರೆ ಒಂದು ಮಾತು ಹೇಳದೆ ಕಳಿಸಿದರೆ ನನಗೆ ನಿದ್ದೆ ಬರುವುದಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಮರಳಿಗೆ ಇಳಿಯುವ ಮುಂಚೆ ಟೈರಿನ ಗಾಳಿ ಇಳಿಸು. ಹೂತುಕೊಂಡ ಮೇಲೆ ಅಲ್ಲ, ಮುಂಚೆ. ರಸ್ತೆಯಲ್ಲಿ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ಒಂದು ಚದರ ಇಂಚಿಗೆ ಎಷ್ಟು ಪೌಂಡ್ ಅಂತ) ಇದ್ದರೆ ಮರಳಿಗೆ 18. ಗಾಡಿ ಆಗಲೂ ಎಳೆಯಲು ಕಷ್ಟಪಟ್ಟರೆ 15. ಹೊಸಬರು ಅದಕ್ಕಿಂತ ಕೆಳಗೆ ಹೋಗಬಾರದು.

ಯಾಕೆ ಅಂತ ತಿಳಿದರೆ ಯಾವತ್ತೂ ಮರೆಯುವುದಿಲ್ಲ. ನಿಮ್ಮಜ್ಜಿ ಮುದ್ದೆ ಕಟ್ಟಿ ತಟ್ಟೆಗೆ ಇಡುತ್ತಿದ್ದದ್ದು ನೆನಪಿದೆಯಲ್ವಾ? ಗಟ್ಟಿ ಮುದ್ದೆ ಉಂಡೆಯಾಗಿ ಒಂದೇ ಕಡೆ ಊರಿಕೊಂಡು ನಿಲ್ಲುತ್ತೆ. ಸ್ವಲ್ಪ ಮೆತ್ತಗಿದ್ದರೆ ತಳ ಅಗಲವಾಗಿ ಕೂರುತ್ತೆ. ಟೈರೂ ಹಾಗೇ. ಲೆಕ್ಕ ಬೇಕಾದರೆ ಇಗೋ: ಗಾಡಿ, ನೀವು, ಸಾಮಾನು ಎಲ್ಲ ಸೇರಿ 2000 ಕೆಜಿ ಅಂದುಕೋ. ಒಂದು ಟೈರಿನ ಮೇಲೆ 500 ಕೆಜಿ, ಅಂದರೆ 1100 ಪೌಂಡ್. 32ರಿಂದ ಭಾಗಿಸಿದರೆ ನೆಲ ಮುಟ್ಟುವ ಜಾಗ ಸುಮಾರು 34 ಚದರ ಇಂಚು. 16ರಿಂದ ಭಾಗಿಸಿದರೆ 69. ಅದೇ ಭಾರ, ಎರಡರಷ್ಟು ಜಾಗ. ಟೈರು ಪಕ್ಕಕ್ಕೆ ಉಬ್ಬಿದ್ದು ಕಣ್ಣಿಗೆ ಕಾಣುತ್ತೆ, ಆದರೆ ನಿಜವಾದ ಲಾಭ ಉದ್ದದಲ್ಲಿ. ಹಿಟಾಚಿಯ ಚೈನ್ ಪಟ್ಟಿ ನೆಲಕ್ಕೆ ಹಾಸಿಕೊಂಡ ಹಾಗೆ ಟೈರು ಉದ್ದಕ್ಕೆ ಹಾಸಿಕೊಳ್ಳುತ್ತೆ. ಮರಳನ್ನು ಅಗೆಯದೆ ಮೇಲೆ ತೇಲುತ್ತೆ.

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಕಬ್ಬು ಹೊರುತ್ತಿದ್ದದ್ದು ಕಬ್ಬಿಣದ ಪಟ್ಟಿ ಹಾಕಿದ ಮರದ ಚಕ್ರದ ಗಾಡಿಗಳು. ಹೊಳೆ ದಂಡೆಯ ಮರಳಲ್ಲಿ ಚಕ್ರ ಚಾಕುವಿನ ಹಾಗೆ ಕತ್ತರಿಸಿಕೊಂಡು ಇಳಿಯುತ್ತಿತ್ತು. ಎತ್ತುಗಳು ಮಂಡಿ ಊರಿಬಿಡುತ್ತಿದ್ದವು. ಆಮೇಲೆ ಟೈರ್ ಗಾಡಿ ಬಂತು. ಅದೇ ಎತ್ತು, ಅದಕ್ಕಿಂತ ಜಾಸ್ತಿ ಕಬ್ಬು, ಆರಾಮಾಗಿ ದಾಟುತ್ತಿದ್ದವು. ಎತ್ತಿನ ಶಕ್ತಿ ಹೆಚ್ಚಲಿಲ್ಲ, ಚಕ್ರ ಅಗಲವಾಯಿತು ಅಷ್ಟೇ. ನಿನ್ನ ಇಂಜಿನ್ನಿಗೂ ಇದೇ ಮಾತು.

ಗಾಳಿ ಬಿಡುವುದು ಕಷ್ಟದ ಕೆಲಸವಲ್ಲ. ಗಟ್ಟಿ ನೆಲ ಮುಗಿಯುವ ಕಡೆ ಗಾಡಿ ನಿಲ್ಲಿಸು. ವಾಲ್ವಿನ ಕ್ಯಾಪ್ ಬಿಚ್ಚಿ ಜೇಬಿಗೆ ಹಾಕಿಕೋ, ಮರಳ ಮೇಲೆ ಇಡಬೇಡ. ಸಣ್ಣ ಕಡ್ಡಿಯಿಂದ ಪಿನ್ ಒತ್ತಿ ಹಿಡಿ. ಮೊದಲು ಜೋರಾಗಿ ಸುಯ್ ಅನ್ನುತ್ತೆ, ಬೆರಳಿಗೆ ತಣ್ಣಗೆ ತಾಗುತ್ತೆ. ಬರಬರುತ್ತಾ ಸದ್ದು ದಪ್ಪವಾಗುತ್ತೆ. ಆಗಾಗ ಗೇಜ್ ಇಟ್ಟು ನೋಡು. ರಿಮ್ ಕೆಳಗೆ ಟೈರಿನ ಹೊಟ್ಟೆ ನಿಧಾನವಾಗಿ ಇಳಿದು ನೆಲಕ್ಕೆ ಒರಗುವುದು ಕಾಣುತ್ತೆ. ನಾಲ್ಕಕ್ಕೂ ಒಂದೇ ಸಮ ಬಿಡಬೇಕು. ಕ್ಯಾಪ್ ವಾಪಸ್ ಹಾಕುವುದು ಮರೆಯಬೇಡ. ಅದಿಲ್ಲದಿದ್ದರೆ ವಾಲ್ವಿನೊಳಗೆ ಮರಳು ಕೂತು ಗಾಳಿ ಸೋರುತ್ತೆ.

ಇನ್ನೊಂದು ಸೂಕ್ಷ್ಮ ಇದೆ, ತುಂಬಾ ಜನ ಎಡವುವುದು ಇಲ್ಲೇ. ಜೈಸಲ್ಮೇರ್‌ನಿಂದ ಸಮ್‌ಗೆ ಸುಮಾರು 40 ಕಿಲೋಮೀಟರ್. ಅಷ್ಟು ದೂರ ಓಡಿದ ಟೈರು ಬಿಸಿಯಾಗಿರುತ್ತೆ, ಗೇಜು ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತೆ. ಆ ಬಿಸಿಯಲ್ಲಿ 16ಕ್ಕೆ ಇಳಿಸಿ ರಾತ್ರಿ ಅಲ್ಲೇ ತಂಗಿದರೆ, ಬೆಳಗಿನ ಚಳಿಗೆ ಅದು 13 ಆಗಿರುತ್ತೆ. ಗಾಳಿ ತೀರಾ ಕಡಿಮೆಯಾಗಿ ನೀನು ಸರ್ರನೆ ತಿರುಗಿಸಿದರೆ ಟೈರು ರಿಮ್ ಬಿಟ್ಟು ಕಳಚಿಕೊಳ್ಳುತ್ತೆ. ಮರಳಲ್ಲಿ ಅದನ್ನು ಮತ್ತೆ ಕೂರಿಸುವುದು ದೊಡ್ಡ ಪಾಡು. ಅದಕ್ಕೇ ಬೆಳಿಗ್ಗೆ ಹೊರಡುವ ಮುಂಚೆ ಇನ್ನೊಂದು ಸಲ ಅಳತೆ ನೋಡು. ಸುತ್ತಾಡುವುದಾದರೂ ಬೆಳಿಗ್ಗೆಯೇ ವಾಸಿ. ರಾತ್ರಿಯ ತಂಪಿಗೆ ಮರಳು ಸ್ವಲ್ಪ ಗಟ್ಟಿಯಾಗಿರುತ್ತೆ, ಮಧ್ಯಾಹ್ನದ ಹೊತ್ತಿಗೆ ರವೆಯ ಹಾಗೆ ಉದುರುತ್ತೆ.

ಓಡಿಸುವಾಗ ಫೋರ್ ವೀಲ್ ಹಾಕಿಕೋ, ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗಲಿ. ಒಂದೇ ಹದದಲ್ಲಿ ಹೋಗು. ಬ್ರೇಕ್ ಒತ್ತಬೇಡ, ಆಕ್ಸಿಲರೇಟರ್ ಬಿಟ್ಟರೆ ತಾನೇ ನಿಲ್ಲುತ್ತೆ. ನಿಲ್ಲಿಸುವುದಾದರೆ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸು. ಗುಡ್ಡ ಇಳಿಯುವಾಗ ನೇರ ಇಳಿ, ಅಡ್ಡ ಬೇಡ. ಚಕ್ರ ಸುಮ್ನೆ ತಿರುಗಿ ಗಾಡಿ ಮುಂದೆ ಹೋಗದಿದ್ದರೆ ಆ ಕ್ಷಣವೇ ಕಾಲು ತೆಗೆ. ರೇಸ್ ಮಾಡಿದಷ್ಟೂ ಅದೇ ಗುಂಡಿ ತೋಡುತ್ತೆ. ಇಳಿದು ಚಕ್ರದ ಹಿಂದೆ ಮುಂದೆ, ಗಾಡಿಯ ಹೊಟ್ಟೆಯ ಕೆಳಗೆ ಇರುವ ಮರಳನ್ನು ತೆಗೆದು ಆಚೆ ಹಾಕು. 15ಕ್ಕಿಂತ ಕೆಳಗೆ ಹೋಗದ ಹಾಗೆ ಇನ್ನೆರಡು ಪಿಎಸ್‌ಐ ಬಿಡು. ಬಂದ ಜಾಡಿನಲ್ಲೇ ರಿವರ್ಸ್ ತಗೋ.

ಈಗ ನಾನು ಈ ಪತ್ರ ಹಿಡಿದು ಕೂತ ಕಾರಣ. ಇಳಿಸಿದ ಗಾಳಿಯನ್ನು ಟಾರು ರಸ್ತೆಗೆ ಬರುವ ಮುಂಚೆ ವಾಪಸ್ ತುಂಬಬೇಕು. ಮರಳಲ್ಲಿ ಹೂತುಕೊಂಡರೆ ಅರ್ಧ ದಿನ ಹೋಗುತ್ತೆ. ರಸ್ತೆಯಲ್ಲಿ ಟೈರು ಸಿಡಿದರೆ ಜೀವ ಹೋಗುತ್ತೆ.

ನಾನು ಅಬುಧಾಬಿ ಕಡೆ ಡ್ರೈವರ್ ಆಗಿದ್ದೆನಲ್ಲ, ಲಿವಾದ ಮರಳುಗಾಡಿನಲ್ಲಿ ಒಂದು ಕಂಪನಿಯ ಕ್ಯಾಂಪಿಗೆ ನೀರಿನ ಡ್ರಮ್ಮು ಸಾಗಿಸುವ ಕೆಲಸ. ಅಲ್ಲಿದ್ದ ಒಬ್ಬ ಪಠಾಣ ಡ್ರೈವರ್ ನನಗೆ ಇದನ್ನೆಲ್ಲ ಕಲಿಸಿದ್ದು. ಚಾಚಾ ಅನ್ನುತ್ತಿದ್ದೆವು. ಕಂಪನಿಯವರು ಇಡೀ ಕ್ಯಾಂಪಿಗೆ ಕೊಟ್ಟಿದ್ದು ಗಾಳಿ ತುಂಬುವ ಒಂದೇ ಕಂಪ್ರೆಸರ್. ಒಂದು ದಿನ ಅದು ಬೇರೆ ಗಾಡಿಯಲ್ಲಿ ಹೋಗಿತ್ತು. ಸಂಜೆಯಾಗಿತ್ತು, ಕಾಯುವ ತಾಳ್ಮೆ ನನಗಿರಲಿಲ್ಲ. 15 ಪಿಎಸ್‌ಐನಲ್ಲೇ ರಸ್ತೆ ಹತ್ತಿಸಿ 100ರಲ್ಲಿ ಬಿಟ್ಟೆ. ಮೆತ್ತಗಿನ ಟೈರು ಪ್ರತಿ ಸುತ್ತಿಗೂ ಮಡಚಿ ಮಡಚಿ ಬಿಚ್ಚುತ್ತೆ, ಟೈರಿನ ಪಕ್ಕದ ರಬ್ಬರು ಒಳಗೊಳಗೇ ಬಿಸಿಯೇರುತ್ತೆ. ಮೊದಲು ರಬ್ಬರ್ ಸುಟ್ಟ ವಾಸನೆ ಬಂತು. ಆಮೇಲೆ ಹಿಂದಿನ ಎಡಗಡೆ ಟೈರು ಸಿಡಿಯಿತು. ಗಾಡಿ ಎರಡು ಸುತ್ತು ತಿರುಗಿ ರಸ್ತೆ ಬಿಟ್ಟು ನಿಂತಿತು. ಪಕ್ಕದಲ್ಲಿದ್ದ ಹುಡುಗನ ಕೈ ಮುರಿಯಿತು. ಕೇರಳದವನು, ಬಂದು ಎರಡು ತಿಂಗಳಾಗಿತ್ತು. ಅವನು ಅವ್ವನನ್ನು ಕೂಗಿದ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಇಳಿದು ಉಳಿದ ಟೈರುಗಳನ್ನು ಮುಟ್ಟಿ ನೋಡಿದೆ, ಅಂಗೈ ಇಡಲು ಆಗಲಿಲ್ಲ. ಮನೆಯಲ್ಲಿ ಯಾರಿಗೂ ಇದನ್ನು ನಾನು ಹೇಳಿರಲಿಲ್ಲ ಸಹನಾ.

ಹಾಗಾಗಿ ಒಳ್ಳೆಯ 12 ವೋಲ್ಟ್ ಕಂಪ್ರೆಸರ್ ತಗೋ, ಬ್ಯಾಟರಿಗೇ ಕ್ಲಿಪ್ ಹಾಕುವಂಥದ್ದು. ಸಿಗರೇಟ್ ಲೈಟರಿಗೆ ಸಿಕ್ಕಿಸುವ ಸಣ್ಣದು ದೊಡ್ಡ ಟೈರಿಗೆ ಸಾಲುವುದಿಲ್ಲ, ಕೆಲವೊಮ್ಮೆ ಫ್ಯೂಸ್ ಹೋಗುತ್ತೆ. ಇಂಜಿನ್ ಚಾಲೂ ಇಟ್ಟೇ ಗಾಳಿ ಹೊಡಿ. ನಾಲ್ಕೂ ಟೈರಿಗೆ ಅರ್ಧ ಗಂಟೆ ಹಿಡಿಯಬಹುದು. ಗೆಳತಿಯರು ಹಸಿವು ಅಂತಾರೆ, ಕತ್ತಲಾಯ್ತು ಅಂತಾರೆ. ಅವರಿಗೆ ಬಿಸ್ಕತ್ತು ಕೊಟ್ಟು ಕೂರಿಸು, ನೀನು ಗಾಳಿ ತುಂಬು.

ಒಂದೇ ಗಾಡಿಯಲ್ಲಿ ಒಳಗೆ ಹೋಗಬೇಡಿ, ಎರಡಾದರೂ ಇರಲಿ. ಆ ಕಡೆ ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ, ಗೋಡಾವಣ್, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳ ಜಾಗ. ಅವು ಈಗ ತೀರಾ ಕಡಿಮೆ ಉಳಿದಿವೆ, ನೆಲದ ಮೇಲೇ ಮೊಟ್ಟೆ ಇಡುತ್ತವೆ. ಗಾಡಿ ಓಡಿಸಲು ಅನುಮತಿ ಇರುವ ಜಾಗದಲ್ಲಿ ಮಾತ್ರ ಓಡಿಸಿ. ಹೋಗುವ ಮುಂಚೆ ಅಭ್ಯಾಸಕ್ಕೆ ಅಂತ ತಲಕಾಡಿನ ಮರಳಿಗೆ ಗಾಡಿ ಇಳಿಸಬೇಡ. ಅದರ ಕೆಳಗೆ ದೇವಸ್ಥಾನಗಳಿವೆ. ಗಾಳಿ ಬಿಟ್ಟು ತುಂಬುವುದನ್ನು ಮನೆ ಅಂಗಳದಲ್ಲೇ ಎರಡು ಸಲ ಮಾಡಿದರೆ ಸಾಕು.

ಈ ಪತ್ರದ ಜೊತೆ ನನ್ನ ಹಳೇ ಗೇಜು ಇಟ್ಟಿದ್ದೇನೆ. ಗಾಜು ಗೀರಿದೆ, ಅಳತೆ ಸರಿಯಾಗಿದೆ, ಮೊನ್ನೆ ಪಂಚರ್ ಅಂಗಡಿಯಲ್ಲಿ ಹೋಲಿಸಿ ನೋಡಿದೆ. ನಾಲ್ಕು ವಾಲ್ವ್ ಪಿನ್ನು, ಬಿಚ್ಚುವ ಕೀನೂ ಇದೆ.

ಮರಳಿನಿಂದ ಹೊರಗೆ ಬಂದು ಗಾಳಿ ತುಂಬಿದ ಮೇಲೆ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ. ನಾಲ್ಕು ಟೈರಿನ ನಂಬರ್ ಹೇಳು, ಆಮೇಲೆ ಗಾಡಿ ಎತ್ತು.

ಇತಿ,
ನಿನ್ನ ದೊಡ್ಡಪ್ಪ