ಕೋರೆ ಬಗ್ಗೆ ಅಭಿಪ್ರಾಯ ಬೇಕಾದ್ರೆ ಕನ್ನಡದಲ್ಲಿ ಕೇಳಿ

ಸಂಪಾದಕರೇ, ನಮಸ್ಕಾರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳಗಿನ ಒಂದು ಊರಿನವ. ನಮ್ಮ ವಾರ್ಡಿನ ಗುಡ್ಡೆಗೆ ಹೊಸ ಕಲ್ಲುಕೋರೆ ಬರ್ತದಂತೆ ಅಂತ ಮಳೆಗಾಲ ಮುಗಿದಾಗಿಂದ ಸುದ್ದಿ ಉಂಟು. ಮೊನ್ನೆ ಪಂಚಾಯತಿನ ಬೋರ್ಡಲ್ಲಿ ಕಾಗದವೇ ಅಂಟಿಸಿದ್ದಾರೆ, ಆಕ್ಷೇಪ ಅಭಿಪ್ರಾಯ ಇದ್ದವರು ಬರೆದು ಕೊಡಬೇಕು ಅಂತ. ಅಷ್ಟೂ ಮಲಯಾಳದಲ್ಲಿ. ನಾನು ಕಲ್ತದ್ದು ಕನ್ನಡ ಮೀಡಿಯಂ, ಮಗಳು ಫೋಟೋ ತೆಗ್ದು ಮನೆಗೆ ಬಂದು ಓದಿ ಹೇಳಿದ್ದಕ್ಕೆ ಇಷ್ಟಾದ್ರೂ ಗೊತ್ತಾಯ್ತು. ಗುಡ್ಡೆಯ ಬುಡದಲ್ಲೇ ಇರುವವರು ಪಂಚಾಯತಿಗೆ ಹೋಗುದು ವರ್ಷಕ್ಕೊಮ್ಮೆ ಟ್ಯಾಕ್ಸ್ ಕಟ್ಲಿಕ್ಕೆ, ಅವರಿಗೆ ಇದು ಗೊತ್ತಾಗುದು ಮೊದಲನೇ ಟಿಪ್ಪರ್ ಬಂದಾಗ್ಲೇ.

ಕನ್ನಡದಲ್ಲಿ ಕೇಳುದು ನಮ್ಮ ಹಟ ಅಲ್ಲ ಸ್ವಾಮಿ. ಕನ್ನಡದವರು ಇಲ್ಲಿನ ಆಫೀಸಿಗೆ ಕನ್ನಡದಲ್ಲೇ ಬರೀಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯಲ್ಲೇ ಉಂಟು.

ನಾನು ಕೋರೆಯ ವಿರೋಧಿ ಅಂತ ತಿಳ್ಕೊಳ್ಬೇಡಿ. ನನ್ನ ಮನೆ ಕಟ್ಟಿದ್ದು ಕೆಂಪುಕಲ್ಲಲ್ಲಿ, ತಲಪಾಡಿಯಿಂದ ಆಚೆಗೆ ಆರು ಲೇನ್ ಹೈವೇ ಆದದ್ದಕ್ಕೂ ಜಲ್ಲಿ ಎಲ್ಲಿಂದಾದ್ರೂ ಬಂದೇ ಬಂದಿರ್ತದೆ, ಆಕಾಶದಿಂದ ಬೀಳುದಿಲ್ಲ. ಆದ್ರೆ ಕೆಂಪುಕಲ್ಲು ಬೇರೆ ಕರಿಕಲ್ಲು ಬೇರೆ. ಕೆಂಪುಕಲ್ಲನ್ನು ಮೆಷಿನಲ್ಲಿ ಕೊಯ್ದು ತೆಗೀತಾರೆ, ಧೂಳು ಸೌಂಡು ಹೇಗಾದ್ರೂ ಸಹಿಸ್ಬಹುದು. ಕರಿಕಲ್ಲಿಗೆ ತೂತು ಕೊರ್ದು ಮದ್ದಿಟ್ಟು ಸಿಡಿಸ್ಬೇಕು. ನಮ್ಮ ಗುಡ್ಡೆಯಲ್ಲಿ ಯಾವ ಕಲ್ಲು ತೆಗೆಯುದು ಅಂತ ಆ ಕಾಗದದಲ್ಲಿ ಇಲ್ವೇ ಇಲ್ಲ, ಬರೀ ಕ್ವಾರಿ ಅಂತ ಉಂಟು, ಎಂತದಕ್ಕೆ ಅಂತ ಅಭಿಪ್ರಾಯ ಕೊಡುದು ಮಾರಾಯ್ರೆ?

ಮುಖ್ಯ ವಿಷಯ ಇನ್ನು ಹೇಳ್ತೇನೆ. ನಾವು ಕುಡಿಯುದು ಸುರಂಗದ ನೀರು. ಬಾಯಾರು, ಪೈವಳಿಕೆ, ಪಡ್ರೆ ಕಡೆಯವರಿಗೆ ಇದನ್ನು ವಿವರಿಸ್ಬೇಕಾಗಿಲ್ಲ, ಹೊರಗಿನಿಂದ ಬರುವ ಆಫೀಸರಿಗೆ ಬೇಕು. ಗುಡ್ಡೆಯ ಬದಿಯಿಂದ ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಅಡ್ಡ ಕೊರೀತಾ ಹೋಗುದು, ಗಾಳಿ ಉಂಟಾ ಅಂತ ನೋಡ್ಲಿಕ್ಕೆ ದೀಪ ಹಿಡ್ಕೊಂಡೇ ಹೋಗುದು, ನಂದಿದ್ರೆ ಹೊರಗೆ ಓಡುದು. ಮುರಕಲ್ಲಿನ, ಅಂದ್ರೆ ಅದೇ ಕೆಂಪುಕಲ್ಲಿನ, ಕೆಳಗೆ ಜೇಡಿಯಂಥ ಶೇಡಿ ಮಣ್ಣು ಸಿಕ್ಕಿದಲ್ಲಿ ನೀರು ಒಸರ್ತದೆ. ಪಂಪ್ ಬೇಡ ಕರೆಂಟ್ ಬೇಡ. ನಮ್ಮದು ಅಜ್ಜನ ಕಾಲದ್ದು, 120 ಕೋಲು ಉಂಟು. ಕೋಲಿಗೆ ಎರಡೂವರೆ ಅಡಿ ಅಂದ್ರೆ 300 ಅಡಿ, ಹತ್ರ ಹತ್ರ 90 ಮೀಟರ್ ಗುಡ್ಡೆಯ ಹೊಟ್ಟೆಯೊಳಗೆ.

ಈಗ ರೂಲ್ ನೋಡಿ. ಕೋರೆಗೂ ಮನೆಗೂ ಇರ್ಬೇಕಾದ 100 ಮೀಟರ್ ದೂರವನ್ನು ಕೇರಳದಲ್ಲಿ 2017ರಲ್ಲಿ 50ಕ್ಕೆ ಇಳಿಸಿದ್ರು. ಅಳೆಯುದು ಮನೆಯ ಗೋಡೆಯಿಂದ. ಆ ಲೆಕ್ಕದಲ್ಲಿ ನನ್ನ ಮನೆಯಿಂದ 50 ಮೀಟರ್ ಬಿಟ್ಟು ಮದ್ದಿಟ್ರೂ ಅದು ಸರಿಯಾಗಿ ನನ್ನ ಸುರಂಗದ ತಲೆ ಮೇಲೆಯೇ ಇಟ್ಟ ಹಾಗೆ! ಸರ್ವೆ ನಕ್ಷೆಯಲ್ಲಿ ಬಾವಿ ಇರ್ತದೆ, ತೋಡು ಇರ್ತದೆ, ಸುರಂಗ ಕಾಣುದಿಲ್ಲ. ಒಳಗೆ ಕುಸಿದ್ರೆ, ಇಲ್ಲಾ ಒಸರು ಬೇರೆ ಕಡೆ ತಿರುಗಿದ್ರೆ ಅಡಿಕೆ ತೋಟದ ಕಥೆ ಮುಗೀತು, ಪರಿಹಾರ ಕೇಳ್ಲಿಕ್ಕೆ ಹೋದ್ರೆ ಸುರಂಗ ಇತ್ತು ಅನ್ನುದಕ್ಕೇ ರೆಕಾರ್ಡ್ ಇಲ್ಲ.

ಐದು ಹೆಕ್ಟೇರಿಂದ ಕಮ್ಮಿ ಜಾಗದ ಒಂಟಿ ಕೋರೆಗೆ ಪಬ್ಲಿಕ್ ಹಿಯರಿಂಗ್ ಕಡ್ಡಾಯ ಅಲ್ಲವಂತೆ, ಅಂದ್ರೆ ಹನ್ನೆರಡು ಎಕ್ರೆಯವರೆಗೆ ಯಾರನ್ನೂ ಕೂರಿಸಿ ಕೇಳ್ಬೇಕಾಗಿಲ್ಲ. ಕಡ್ಡಾಯ ಇಲ್ಲದಿದ್ರೂ ಕೇಳ್ಬಹುದಲ್ಲ, ಬೇಡ ಅಂದವರು ಯಾರು? ಗೇರು ಗುಡ್ಡೆಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟಾಗಲೂ ಕೆಳಗಿದ್ದವರನ್ನು ಕೇಳಿರ್ಲಿಲ್ಲ, ಅದು ನಿಲ್ಲುವಾಗ 2000ನೇ ಇಸವಿ ಮುಗೀತಾ ಬಂದಿತ್ತು.

ಹಾಗಾಗಿ ಸಂಬಂಧಪಟ್ಟವರು ಒಂದು ಭಾನುವಾರ ಗ್ರಾಮಸಭೆ ಕರೀಲಿ, ಕಾಗದ ಕನ್ನಡದಲ್ಲಿ ಮನೆಮನೆಗೆ ಕೊಡ್ಲಿ, ಯಾವ ಕಲ್ಲು, ಎಷ್ಟು ಆಳ, ಲಾರಿ ಯಾವ ರೋಡಲ್ಲಿ ಹೋಗ್ತದೆ, ತೆಗೆದ ಮೇಲೆ ಗುಂಡಿಗೆ ಬೇಲಿ ಯಾರು ಹಾಕ್ತಾರೆ, ಎಲ್ಲ ಬಾಯಿಬಿಟ್ಟು ಹೇಳ್ಲಿ. ಅದಕ್ಕೂ ಮೊದ್ಲು ಗುಡ್ಡೆಯ ಸುತ್ತ ಎಷ್ಟು ಸುರಂಗ ಉಂಟು, ಒಂದೊಂದು ಎಷ್ಟು ಕೋಲು ಅಂತ ಬರ್ಕೊಳ್ಲಿ. ನಾವು ನಾಲ್ಕು ಮನೆಯವರು ಸೇರಿ ಬರೀಲಿಕ್ಕೆ ಶುರು ಮಾಡಿದ್ದೇವೆ, ಇವತ್ತಿಗೆ ಒಂಬತ್ತು ಆಯ್ತು, ಗುಡ್ಡೆಯ ಆಚೆ ಬದಿಗೆ ಇನ್ನೂ ಹೋಗ್ಲಿಲ್ಲ.

ಮತ್ತೊಂದು, ಅಭಿಪ್ರಾಯ ಕೊಡ್ಲಿಕ್ಕೆ ಕೊನೇ ತಾರೀಕು ಯಾವುದು ಅಂತ ಗೊತ್ತಿದ್ದವರು ದಯಮಾಡಿ ತಿಳಿಸಿ. ಮಗಳ ಫೋಟೋದಲ್ಲಿ ಸರಿಯಾಗಿ ಅದರ ಮೇಲೆಯೇ ಆಫೀಸಿನ ಸೀಲು ಬಿದ್ದಿದೆ.

- ಒಬ್ಬ ಅಡಿಕೆ ಕೃಷಿಕ, ಮಂಜೇಶ್ವರ ತಾಲೂಕು