ಕೊನೆಗೂ ಕೊಲೆಗಾರ ಸಿಕ್ಕ

ನನ್ನ ನಗಿಸುವ ಪತ್ತೇದಾರಿ ಕಾದಂಬರಿ ಅಚ್ಚಾಗಿ ಕೈಗೆ ಬಂದಿದೆ. ಕೊಲೆ ಆಗಿದೆ, ಕೊಲೆಗಾರ ಸಿಕ್ಕಿದ್ದಾನೆ, ನಡುವೆ ನೀವು ಒಂದಿಷ್ಟು ನಗುತ್ತೀರಿ ಅನ್ನುವ ಆಸೆಯೂ ಇದೆ. ಪುಸ್ತಕದ ಮೊದಲ ಪುಟಗಳಲ್ಲಿ ಕೃತಜ್ಞತೆ ಅಂತ ನಾಲ್ಕು ಸಾಲು ಹಾಕಿದ್ದೇನೆ. ಅಲ್ಲಿ ಜಾಗ ಇರಲಿಲ್ಲ. ಇಲ್ಲಿ ಕೇಳುವವರಿಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಇನ್ನೂ ಓದದವರಿಗೆ ಎರಡು ಮಾತು. ನನ್ನ ಪತ್ತೇದಾರರು ರಿಟೈರ್ ಆದ ಲೈಬ್ರೇರಿಯನ್. ಪತ್ತೇದಾರಿಕೆ ಅಂದರೆ ಅವರಿಗೆ ಆಗುವುದಿಲ್ಲ. ಸತ್ತವನ ಮನೆಗೆ ಅವರು ಹೋಗುವುದು ಕೊಲೆಯ ಗುಟ್ಟು ಬಿಡಿಸಲು ಅಲ್ಲ, ಅವನು ಒಯ್ದು ವಾಪಸ್ ಕೊಡದ ಪುಸ್ತಕ ತರಲು. ಅವರ ಸರ್ವೀಸಿನಲ್ಲೇ ಬಾಕಿ ಉಳಿದಿದ್ದು ಅದೊಂದೇ. ಆದರೆ ಹೋದ ಕಡೆಯೆಲ್ಲ ಜನ ಅವರನ್ನು ಕೂರಿಸಿಕೊಂಡು ಗುಟ್ಟು ಹೇಳುತ್ತಾರೆ. ಅವರು ಬೇಡ ಅಂದಷ್ಟೂ ಜಾಸ್ತಿ ಹೇಳುತ್ತಾರೆ. ಬೇಸತ್ತು ಅವರು ಎಲ್ಲರನ್ನೂ ಡ್ಯೂಯಿ ನಂಬರಿನಲ್ಲಿ, ಅಂದರೆ ಲೈಬ್ರರಿಯಲ್ಲಿ ವಿಷಯಕ್ಕೆ ತಕ್ಕಂತೆ ಪುಸ್ತಕಕ್ಕೆ ಹಾಕುವ ನಂಬರಿನಲ್ಲಿ, ಜೋಡಿಸಲು ಶುರು ಮಾಡುತ್ತಾರೆ. ಕೊಲೆಗೆ 364.1523. ಸುಳ್ಳು ಹೇಳುವವರೆಲ್ಲ 398.2ಕ್ಕೆ, ಅಂದರೆ ಜನಪದ ಕತೆಗಳ ಕಪಾಟಿಗೆ.

ಈ ನಂಬರುಗಳನ್ನೆಲ್ಲ ಕಲಿಸಿದ್ದು ನಿಜವಾದ ಲೈಬ್ರೇರಿಯನ್ ಒಬ್ಬರು. ಹೆಸರು ಹಾಕಬೇಡ ಅಂದಿದ್ದಾರೆ. ಎಸ್. ಆರ್. ರಂಗನಾಥನ್ 1931ರಲ್ಲಿ ಲೈಬ್ರರಿಗಳಿಗೆ ಅಂತ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ‘ಓದುಗರ ಸಮಯ ಉಳಿಸಿ’ ಅಂತ ಅವರೇ ಹೇಳಿಕೊಟ್ಟರು. ವಿಚಾರಣೆ ಎಳೆದಾಡಿದಾಗಲೆಲ್ಲ ನನ್ನ ಪತ್ತೇದಾರರು ಅದನ್ನೇ ಹೇಳಿ ಎದ್ದು ಹೊರಡುತ್ತಾರೆ. ಡಾಕ್ಟರ್ ಗೆಳೆಯನಿಗೂ ಥ್ಯಾಂಕ್ಸ್. ಹೆಣ ಸೆಟೆದುಕೊಳ್ಳುವುದು ದವಡೆ, ಕುತ್ತಿಗೆಯ ಕಡೆ ಮೊದಲು ಗೊತ್ತಾಗುತ್ತದೆ, ಇಡೀ ಮೈಗೆ ಹರಡಲು ಸುಮಾರು 12 ಗಂಟೆ ಬೇಕು, ಸೆಖೆ ಚಳಿಗೆ ತಕ್ಕಂತೆ ಅದೂ ಬದಲಾಗುತ್ತದೆ ಅಂತ ಊಟಕ್ಕೆ ಕೂತಾಗಲೇ ವಿವರಿಸಿದ. ‘ರಾತ್ರಿ ಹತ್ತೂಕಾಲಿಗೆ ಸತ್ತ ಅಂತ ಯಾವ ಡಾಕ್ಟರೂ ಹೇಳಲ್ಲ ಮಾರಾಯ, ಹೇಳಿದರೆ ಅವನನ್ನೇ ಮೊದಲು ಹಿಡೀರಿ’ ಅಂದ. ಆ ಮಾತನ್ನು ಹಾಗೇ ಎತ್ತಿ ಪುಸ್ತಕಕ್ಕೆ ಹಾಕಿಕೊಂಡಿದ್ದೇನೆ. ಕರಡು ತಿದ್ದಿದವರು, ಮುಖಪುಟ ಬರೆದವರು, ಪ್ರಕಾಶಕರು, ಪದೇ ಪದೇ ತಡ ಮಾಡಿದರೂ ಬೈಯದ ಸಂಪಾದಕರು, ‘ಎಲ್ಲಿಗೆ ಬಂತು?’ ಅಂತ ಕೇಳದೆ ಉಳಿದ ಗೆಳೆಯರು, ಎಲ್ಲರಿಗೂ ಒಟ್ಟಿಗೆ ನಮಸ್ಕಾರ.

ಈಗ ಅಕ್ಕನ ವಿಷಯ.

ನಗಿಸುವ ಪುಸ್ತಕ ಬರೆಯಲು ಕೂತ ವರ್ಷವೇ ಅಪ್ಪ ತೀರಿಕೊಂಡರು. ಅದನ್ನು ಮತ್ತೆ ಬರೆಯುವುದಿಲ್ಲ. ಅಪ್ಪನ ಕೆಲಸಗಳೆಲ್ಲ ಮುಗಿದ ಮೇಲೆ ನಾನು ವಾಪಸ್ ಬಂದು ಕಂಪ್ಯೂಟರ್ ತೆರೆದೆ. ಮೊದಲ ಪುಟದಲ್ಲೇ ಒಂದು ಹೆಣ. ಅದರ ಸುತ್ತ ನಾನೇ ಬರೆದ ಜೋಕುಗಳು. ಇಂಥ ಕಾದಂಬರಿಗಳಲ್ಲಿ ಸತ್ತವನಿಗಾಗಿ ಯಾರೂ ಅಳುವುದಿಲ್ಲ, ಗಮನಿಸಿದ್ದೀರಾ? ಹೆಣ ಅನ್ನುವುದು ಒಂದು ಒಗಟು ಅಷ್ಟೇ. ಓದುವಾಗ ಇದು ನನಗೆ ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ. ಆವತ್ತು ಒಂದು ಸಾಲನ್ನೂ ಓದಲು ಆಗಲಿಲ್ಲ. ರಾತ್ರಿ ಅಕ್ಕನಿಗೆ ಫೋನ್ ಮಾಡಿ ಎಲ್ಲ ಅಳಿಸಿಹಾಕುತ್ತಿದ್ದೇನೆ ಅಂದೆ.

‘ಅಳಿಸು, ಬೇಡ ಅನ್ನಲ್ಲ. ನಾನು ಬಂದು ಓದಿದ ಮೇಲೆ ಅಳಿಸು’ ಅಂದಳು. ಆ ಹೊತ್ತಿನಲ್ಲಿ ಬಂದಳು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಪ್ರಿಂಟ್ ತೆಗೆಸಿ, ಕೈಯಲ್ಲಿ ಪೆನ್ಸಿಲ್ ಹಿಡಿದು, ಮೊದಲ ಪುಟದಿಂದ ಗಟ್ಟಿಯಾಗಿ ಓದಲು ಶುರು ಮಾಡಿದಳು. ನಗು ಬಂದ ಕಡೆ ಅಂಚಿನಲ್ಲಿ ಒಂದು ಟಿಕ್. ಬರದಿದ್ದರೆ ಏನೂ ಇಲ್ಲ. ಅಕ್ಕ ಸುಮ್ಮಸುಮ್ಮನೆ ನಗುವವಳಲ್ಲ, ನನ್ನನ್ನು ಖುಷಿಪಡಿಸಲಂತೂ ಯಾವತ್ತೂ ನಕ್ಕಿಲ್ಲ. ಆ ಟಿಕ್ಕುಗಳಿಗೆ ಬೆಲೆ ಇದ್ದಿದ್ದೇ ಅದಕ್ಕೆ. ಶುರುವಿನಲ್ಲಿ ಒತ್ತೊತ್ತಾಗಿ ಬಿದ್ದವು. ಆಮೇಲೆ ತೆಳುವಾದವು. ಮಧ್ಯರಾತ್ರಿ ದಾಟಿದ ಮೇಲೆ ಪುಟಗಟ್ಟಲೆ ಅಂಚು ಬೋಳು. ಅವಳು ಓದುವುದನ್ನು ಮಾತ್ರ ನಿಲ್ಲಿಸಲಿಲ್ಲ. ಗಂಟಲು ಕಟ್ಟಿದಾಗ ನೀರು ಕುಡಿದು ಮತ್ತೆ ಅದೇ ಸಾಲಿನಿಂದ ಹಿಡಿಯುತ್ತಿದ್ದಳು.

ಆಗಿನ ಕೊನೆಯ ಅಧ್ಯಾಯದಲ್ಲಿ ಲೈಬ್ರೇರಿಯನ್ನರು ಏಣಿಯಿಂದ ಜಾರುತ್ತಾರೆ, ಕಪಾಟು ಉರುಳುತ್ತದೆ, ಒಂದು ಪುಸ್ತಕದೊಳಗಿಂದ ಬೇಕಾದ ಕಾಗದ ಉದುರುತ್ತದೆ, ಕೊಲೆಗಾರ ಸಿಕ್ಕಿಬೀಳುತ್ತಾನೆ. ಅಕ್ಕ ಪೆನ್ಸಿಲ್ ಕೆಳಗಿಟ್ಟಳು. ‘ಇವರು ಕಂಡುಹಿಡೀಲಿಲ್ಲ ಕಣೋ, ಬಿದ್ದರು ಅಷ್ಟೆ’ ಅಂದಳು.

ನಮ್ಮಿಬ್ಬರಿಗೂ ಪತ್ತೇದಾರಿ ಕತೆಗಳ ಹುಚ್ಚು ಹಳೆಯದು. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿಯೊಬ್ಬರು ಪತ್ತೇದಾರಿ ಕತೆಗೆ ಹತ್ತು ಕಟ್ಟಳೆ ಮಾಡಿದ್ದರು. ಅದರಲ್ಲಿ ಆರನೆಯದು, ಆಕಸ್ಮಿಕ ಯಾವತ್ತೂ ಪತ್ತೇದಾರನ ಸಹಾಯಕ್ಕೆ ಬರಬಾರದು ಅನ್ನುವುದು. ಮರುವರ್ಷ ಲಂಡನ್ನಿನಲ್ಲಿ ಪತ್ತೇದಾರಿ ಲೇಖಕರೆಲ್ಲ ಸೇರಿ ಡಿಟೆಕ್ಷನ್ ಕ್ಲಬ್ ಕಟ್ಟಿಕೊಂಡರು. ಸೇರುವವರು ಇಂಥ ಅಡ್ಡದಾರಿ ಹಿಡಿಯುವುದಿಲ್ಲ ಅಂತ ಪ್ರಮಾಣ ಬೇರೆ ಮಾಡಬೇಕಿತ್ತು. ಅರ್ಧ ತಮಾಷೆಯ ಪ್ರಮಾಣ, ಆದರೆ ಅದರೊಳಗೆ ಓದುಗನ ಬಗ್ಗೆ ನಿಜವಾದ ಮರ್ಯಾದೆ ಇದೆ. ನಗಿಸುವ ಪತ್ತೇದಾರ ಏನು ಎಡವಟ್ಟು ಮಾಡಿದರೂ ಓದುಗ ಒಪ್ಪುತ್ತಾನೆ. ಉತ್ತರವನ್ನು ಮಾತ್ರ ಪತ್ತೇದಾರ ದುಡಿದೇ ಪಡೆಯಬೇಕು. ಇದೆಲ್ಲ ನನಗೂ ಬಾಯಿಪಾಠ. ಗೊತ್ತಿಲ್ಲದ್ದು ಬೇರೆ ಇತ್ತು: ಮನೆಗೆ ಹೋಗಬೇಕು ಅಂತ ಹಾತೊರೆಯುವ ಮನುಷ್ಯ ಯಾಕೆ ದುಡಿಯುತ್ತಾನೆ? ಯಾವುದಕ್ಕಾಗಿ?

ಅಕ್ಕ ಅದಕ್ಕೆ ಉತ್ತರ ಕೊಡಲಿಲ್ಲ. ಬೋಳು ಅಂಚಿನ ಪುಟಗಳನ್ನು ತಿರುವಿಹಾಕುತ್ತಾ, ‘ಇಷ್ಟು ದಪ್ಪ ಪುಸ್ತಕದಲ್ಲಿ ಸತ್ತೋನಿಗೆ ಅಳೋರು ಒಬ್ಬರೂ ಇಲ್ವಾ?’ ಅಂತ ಕೇಳಿದಳು.

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಅತ್ತೆ. ಅವಳು ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನನಗೆ ಅಪ್ಪ ಹೋಗಿದ್ದರು, ಎಲ್ಲರೂ ನನ್ನನ್ನು ವಿಚಾರಿಸುತ್ತಿದ್ದರು. ಅವಳಿಗೂ ಅಪ್ಪನೇ ಹೋಗಿದ್ದು. ಅವಳನ್ನು ಆ ರಾತ್ರಿ ಯಾರೂ ವಿಚಾರಿಸಲಿಲ್ಲ, ಅವಳು ಅತ್ತಿದ್ದನ್ನು ನಾನು ಇವತ್ತಿಗೂ ನೋಡಿಲ್ಲ.

ಬೆಳಗಿನ ಜಾವ ಅವಳು ಕುರ್ಚಿಯಲ್ಲೇ ನಿದ್ದೆಹೋದಳು. ನಾನು ಏಣಿಯನ್ನು ತೆಗೆದುಹಾಕಿದೆ. ಸತ್ತವನು ಇಷ್ಟು ವರ್ಷ ಏನೇನು ಓದಿದ ಅನ್ನುವುದು ಜಗತ್ತಿನಲ್ಲಿ ಒಬ್ಬರಿಗಷ್ಟೇ ಗೊತ್ತು, ಅಲ್ವಾ? ಪುಸ್ತಕ ಎಂಟ್ರಿ ಮಾಡಿ ಕೊಡುತ್ತಿದ್ದವರಿಗೆ. ಹೆಂಡತಿಗೆ ಗೊತ್ತಿಲ್ಲ, ಪೊಲೀಸರಿಗೆ ಬೇಕಿಲ್ಲ. ಕೊನೆಯ ವರ್ಷ ಅವನು ಒಯ್ಯುತ್ತಿದ್ದುದೆಲ್ಲ ಮಕ್ಕಳ ಪುಸ್ತಕ. ಮನೆಯಲ್ಲಿ ಮಕ್ಕಳಿರಲಿಲ್ಲ. ಲೈಬ್ರೇರಿಯನ್ನರು ಬಾಗಿಲ ತನಕ ಹೋದವರು ಇದನ್ನು ನೆನೆದು ನಿಲ್ಲುತ್ತಾರೆ, ಗೊಣಗಿಕೊಂಡೇ ಒಳಗೆ ಬರುತ್ತಾರೆ. ಇಡೀ ಪುಸ್ತಕ ತಿರುಗಿದ್ದು ಆ ಜಾಗದಲ್ಲಿ. ಇದಕ್ಕಿಂತ ಜಾಸ್ತಿ ಹೇಳಿದರೆ ಪ್ರಕಾಶಕರು ಸುಮ್ಮನಿರುವುದಿಲ್ಲ.

ಆಮೇಲಿನ ಕೆಲಸ ಸಲೀಸಾಗಿ ಆಯಿತು ಅಂತೇನಲ್ಲ. ಸುಳಿವನ್ನು ಓದುಗರ ಕಣ್ಣೆದುರೇ ಇಡಬೇಕು, ಅವರು ನೋಡಲೂಬಾರದು. ಗಂಭೀರ ಕತೆಗಳಲ್ಲಿ ಅದನ್ನು ಒಂದು ಉದ್ದ ಪಟ್ಟಿಯ ನಡುವೆ ತುರುಕುತ್ತಾರೆ. ಹಾಸ್ಯದಲ್ಲಿ ಇನ್ನೂ ಒಳ್ಳೆಯ ಜಾಗ ಇದೆ, ಜೋಕಿನ ಒಳಗೆ. ನಕ್ಕವರು ಆ ಸಾಲನ್ನು ಮತ್ತೆ ಅನುಮಾನದಿಂದ ನೋಡುವುದಿಲ್ಲ. ಅಕ್ಕನ ಟಿಕ್ಕುಗಳು ಇಲ್ಲಿ ಎರಡನೇ ಸಲ ಉಪಯೋಗಕ್ಕೆ ಬಂದವು. ಅವಳು ಎಲ್ಲಿ ನಕ್ಕಿದ್ದಳೋ ಅಲ್ಲೇ ಹುಡುಕಿ ಹುಡುಕಿ ಸುಳಿವು ಹೂತಿಟ್ಟೆ. ಹೊಸ ಪ್ರತಿ ಓದುವಾಗ ಅದೇ ಜಾಗಗಳಲ್ಲಿ ಮತ್ತೆ ನಕ್ಕಳು, ಒಂದನ್ನೂ ಹಿಡಿಯಲಿಲ್ಲ. ಮುಗಿಸಿದ ಮೇಲೆ ಫೋನ್ ಮಾಡಿ ಚೆನ್ನಾಗಿ ಬೈದಳು. ನನಗೆ ಸಿಕ್ಕ ಅತ್ಯುತ್ತಮ ವಿಮರ್ಶೆ ಅದು.

ಅಕ್ಕಾ, ಇದನ್ನು ಓದಿ ‘ಇಷ್ಟೆಲ್ಲ ಯಾಕೆ ಬರೆಯೋಕೆ ಹೋದೆ’ ಅಂತೀಯ. ಅನ್ನು. ಪೆನ್ಸಿಲ್ ಗುರುತಿನ ಆ ಹಳೆಯ ಪ್ರತಿಯನ್ನು ನಾನು ವಾಪಸ್ ಕೊಡುವುದಿಲ್ಲ. ಲೈಬ್ರೇರಿಯನ್ನರು ಮನೆ ಬಾಗಿಲಿಗೆ ಬಂದರೂ ಕೊಡುವುದಿಲ್ಲ.

ಓದುತ್ತಿರುವ ಉಳಿದವರಲ್ಲಿ ಒಂದೇ ಬೇಡಿಕೆ. ಕೊಲೆಗಾರ ಯಾರು ಅಂತ ಸದ್ಯಕ್ಕೆ ಎಲ್ಲೂ ಬಾಯಿಬಿಡಬೇಡಿ. ಭಾವ ಇನ್ನೂ ಹನ್ನೊಂದನೇ ಅಧ್ಯಾಯದಲ್ಲಿದ್ದಾರೆ. ಅವರ ಅನುಮಾನವೆಲ್ಲ ಲೈಬ್ರೇರಿಯನ್ನರ ಮೇಲೇ ಇದೆಯಂತೆ. ಪತ್ತೇದಾರನೇ ಅಪರಾಧಿ ಆಗಿರಬಾರದು ಅನ್ನುವ ನಾಕ್ಸ್ ಅವರ ಏಳನೇ ಕಟ್ಟಳೆಯನ್ನು ಅಕ್ಕ ಬೇಕಂತಲೇ ಅವರಿಗೆ ಹೇಳಿಲ್ಲ.