ಮರಳಿ ಬಂದವರ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಭಾಗದ ಪದವಿ ಕಾಲೇಜೊಂದರಲ್ಲಿ ‘ಯುದ್ಧ ಮತ್ತು ಸಮಾಜ’ ಕುರಿತ ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕ್ಷಿಪಣಿ, ಗಡಿ, ಒಪ್ಪಂದಗಳ ಮಾತೇ ಆಯಿತು. ಸಮಾಜದ ಸರದಿ ಬರಲೇ ಇಲ್ಲ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದ ನನಗೆ ಮನೆಗೆ ಬಂದ ಮೇಲೂ ಸಮಾಧಾನವಾಗಲಿಲ್ಲ.

ನನ್ನ ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿದ್ದರು. ಅವರು ಕಳಿಸುತ್ತಿದ್ದ ಮನಿಯಾರ್ಡರ್‌ಗಳ ಕೂಪನ್‌ಗಳನ್ನು ಅಜ್ಜಿ ಒಂದು ತಂತಿಗೆ ಪೋಣಿಸಿ ತೊಲೆಗೆ ನೇತುಹಾಕಿದ್ದರು. ಆ ತಂತಿ ಈಗ ನನ್ನ ಬಳಿ ಇದೆ. 1944ರಲ್ಲಿ ಐದು ತಿಂಗಳ ಕೂಪನ್‌ಗಳಿಲ್ಲ. ಆ ಐದು ತಿಂಗಳಲ್ಲೇ ನಮ್ಮ ಎರಡು ಎಕರೆ ಖುಷ್ಕಿ ಭೋಗ್ಯಕ್ಕೆ ಹೋಯಿತು; ದೊಡ್ಡಪ್ಪ ಶಾಲೆ ಬಿಟ್ಟು ಪರರ ಮನೆಯ ದನ ಕಾಯಲು ಹೋದರು. ತಾತನೇನೋ ಮರಳಿ ಬಂದರು. ಆದರೆ ಬದುಕಿರುವ ತನಕ ಬಾಗಿಲು ಹಾಕಿದ ಮನೆಯೊಳಗೆ ಮಲಗಲಿಲ್ಲ, ಮಳೆಗಾಲದಲ್ಲೂ ಜಗಲಿಯೇ. ದೀಪಾವಳಿಯ ರಾತ್ರಿ ಪಟಾಕಿ ಸದ್ದು ಶುರುವಾದರೆ ಎದ್ದುಹೋಗಿ ಕಣದ ಹುಲ್ಲಿನ ಬಣವೆಯ ಹಿಂದೆ ಕೂರುತ್ತಿದ್ದರು. ಕರೆತರಲು ಹೋಗುತ್ತಿದ್ದವಳು ನಾನು.

ಆ ಯುದ್ಧದ ಕಾಲಕ್ಕೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಮಂದಿ ಇದ್ದರು, 87 ಸಾವಿರದಷ್ಟು ಮಂದಿ ಸತ್ತರು. ತಾತ ಸತ್ತವರ ಲೆಕ್ಕದಲ್ಲಿಲ್ಲ. ಅಜ್ಜಿ ಯಾವ ಲೆಕ್ಕದಲ್ಲೂ ಇಲ್ಲ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಸಂಶೋಧಕರು ಕದನದಲ್ಲಿ ವರ್ಷಕ್ಕೆ 25 ಸಾವಾದರೆ ಸಂಘರ್ಷ, 1,000 ಮುಟ್ಟಿದರೆ ಯುದ್ಧ ಎಂದು ಗುರುತಿಸುತ್ತಾರೆ. ದೇಶದೇಶಗಳನ್ನು ಹೋಲಿಸಲು ಅಂಥ ಅಳತೆ ಬೇಕೇ ಬೇಕು. ಅದಕ್ಕೆ ದಕ್ಕದ ನಷ್ಟವನ್ನು ಮಾತ್ರ ಊರೂರು ತಿರುಗಿ, ಜಗಲಿಯ ಮೇಲೆ ಕೂತು ಕೇಳಿಯೇ ತಿಳಿಯಬೇಕು.

ಇದೇನೂ ನಮಗೆ ಹೊರಗಿನ ವಿದ್ಯೆಯಲ್ಲ. ಕೋಲಾರ ಸೀಮೆಯ ವೀರಗಲ್ಲುಗಳ ಮುಂದೆ ಮಕ್ಕಳನ್ನು ನಿಲ್ಲಿಸಿ, ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ ಎಂದು ತೋರಿಸಿ ಮುಂದೆ ಹೋಗುತ್ತೇವೆ. ಶಾಸನವಿರುವ ಕಲ್ಲುಗಳಲ್ಲಿ ಹಲವು, ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯನ್ನೂ ಹೇಳುತ್ತವೆ. ನೆತ್ತರುಗೊಡಗೆ, ಕಲ್ನಾಡು ಎಂಬ ಮಾತುಗಳು ಅಲ್ಲಿಯವು. ತುರು ಕಾಯಲು ಹೋಗಿ ಸತ್ತವನ ಹೆಂಡತಿ ಮಕ್ಕಳು ನಾಳೆ ಏನು ಉಣ್ಣಬೇಕು ಎಂಬ ಚಿಂತೆ ಸಾವಿರ ವರ್ಷದ ಹಿಂದೆಯೇ ಊರಿಗಿತ್ತು. ಅದು ನಮ್ಮ ಪಠ್ಯದಲ್ಲಿ ಇಲ್ಲದಿರುವುದು ನನಗೆ ನೋವಿನ ಸಂಗತಿ.

1791ರ ಅಕ್ಟೋಬರಿನಲ್ಲಿ ನಂದಿದುರ್ಗ ಬ್ರಿಟಿಷರ ವಶವಾಯಿತು ಎಂದು ವರ್ಷವರ್ಷವೂ ಬರೆಸಿದ್ದೇನೆ. ಅದೇ ವರ್ಷ ಬೇಸಿಗೆಯ ಕೊನೆಗೆ, ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದಿದ್ದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಎತ್ತುಗಳು ಸತ್ತು, ಮೇವು ಕಾಳಿಲ್ಲದೆ ಶ್ರೀರಂಗಪಟ್ಟಣದ ಬಳಿಯಿಂದ ಹಿಂದಿರುಗಿತು. ಆಮೇಲೆ ಅದಕ್ಕೆ ಎತ್ತುಗಳ ಮೇಲೆ ದವಸ ಹೇರಿ ತಂದವರಲ್ಲಿ ಬಂಜಾರರು ಮುಖ್ಯರು. ಆ ದವಸ ಯಾವ ಊರಿನ ಹಗೇವಿನದು? ತರಗತಿಯಲ್ಲಿ ನಾನು ಇದನ್ನು ಒಮ್ಮೆಯೂ ಕೇಳಲಿಲ್ಲ. ಅದು ನನ್ನ ತಪ್ಪು.

1962, 1965, 1971ರ ಯುದ್ಧಗಳಿಗೆ ಗಂಡನನ್ನು ಕಳಿಸಿ ಕಾದು ಕೂತಿದ್ದ ಹೆಣ್ಣುಮಕ್ಕಳು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಸ್ನಾತಕೋತ್ತರ ಇತಿಹಾಸ ವಿಭಾಗಗಳು ಪ್ರತಿ ವಿದ್ಯಾರ್ಥಿಗೆ ಅಂಥ ಒಂದು ಮನೆಯನ್ನು ಕಿರುಪ್ರಬಂಧಕ್ಕೆ ಒಪ್ಪಿಸಲಿ. ಧ್ವನಿ ದಾಖಲಿಸಲು ಕೈಯಲ್ಲಿರುವ ಮೊಬೈಲ್ ಸಾಕು. ಪತ್ರ, ಪಡಿತರ ಚೀಟಿ, ಭೋಗ್ಯದ ಕಾಗದ ಏನಿದ್ದರೂ ಚಿತ್ರ ತೆಗೆದಿಡಲಿ. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಎನ್ನುವಂತಿಲ್ಲ: ಹೋದ ಆಷಾಢದಲ್ಲಿ ನಮ್ಮ ಬೀದಿಯಲ್ಲೇ ಅಂಥವರೊಬ್ಬರು ತೀರಿಕೊಂಡರು.

ನನ್ನ ಅಜ್ಜಿಯ ತಂತಿಯನ್ನು ಕೂಪನ್‌ಗಳ ಸಮೇತ ಕೊಡಲು ಸಿದ್ಧಳಿದ್ದೇನೆ. ಆಸಕ್ತ ವಿದ್ಯಾರ್ಥಿಗಳು ಪತ್ರಿಕೆಯ ಮೂಲಕ ತಿಳಿಸಿದರೆ, ಬರುವ ದಿನ ಅಡುಗೆ ನಮ್ಮ ಮನೆಯಲ್ಲೇ.

– ನಿವೃತ್ತ ಶಿಕ್ಷಕಿ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ